ನಾಲ್ಕು ಕಾಲಿನ ಊಟ

ಹದಿನೆಂಟು ವರ್ಷ ಸುಮೋ ಅಖಾಡದಲ್ಲಿ ಬಿದ್ದು ಎದ್ದು ಮಂಡಿ ಸವೆಸಿಕೊಂಡ ಹಮಾಜಿರೊ ಈಗ ಟೋಕಿಯೋದ ಒಂದು ಗರಡಿಯ ಗುರು. ಪಂದ್ಯಾವಳಿಯ ಹಿಂದಿನ ದಿನ ಗರಡಿಯ ಪೋಷಕ, ಮಾಂಸದ ವ್ಯಾಪಾರಿ ಕುರಾತ, ಇಡೀ ಹಂದಿಯೊಂದನ್ನು ಬೇಯಿಸಿ ಹೊರಿಸಿಕೊಂಡು ಬಂದ. ಹಿಂದೆ ಫೋಟೋದವರು.

“ನಿಮ್ಮ ಪೈಲ್ವಾನರು ಇದನ್ನು ತಿನ್ನುವ ಚಿತ್ರ ನನಗೆ ಬೇಕು. ಇಲ್ಲವಾದರೆ ಬೇರೆ ಪೋಷಕನನ್ನು ಹುಡುಕಿಕೊಳ್ಳಿ.”

ಪೈಲ್ವಾನರ ಮುಖ ಬಾಡಿತು. ಪಂದ್ಯದ ಹೊತ್ತಿನಲ್ಲಿ ಅವರು ಕೋಳಿ ಬಿಟ್ಟು ಬೇರೆ ಮಾಂಸ ಮುಟ್ಟುವವರಲ್ಲ. ಬೇಡವೆಂದರೆ ಗರಡಿಯ ಒಲೆ ಆರುತ್ತದೆ. ಹೂಂ ಎಂದರೆ ಇವರು ಅರ್ಧ ಸೋತೇ ಅಖಾಡಕ್ಕಿಳಿಯುತ್ತಾರೆ.

ಹಮಾಜಿರೊ ಬಾಗಿ ವಂದಿಸಿದ. “ಧಾರಾಳವಾಗಿ, ಯಜಮಾನರೇ. ಆದರೆ ನಮ್ಮಲ್ಲಿ ಪೋಷಕರು ತಿಂದ ಮೇಲೆಯೇ ಉಳಿದವರು. ಅಂದ ಹಾಗೆ, ವರ್ತಕರ ಸಂಘದ ಚುನಾವಣೆಗೆ ನಿಂತಿದ್ದೀರಂತೆ?”

“ನಾಳೆಯೇ. ಗೆದ್ದ ಹಾಗೆಯೇ ಲೆಕ್ಕ,” ಎಂದು ಕುರಾತ ದೊಡ್ಡ ತುಂಡನ್ನೇ ಎತ್ತಿಕೊಂಡ. “ಇವರೇಕೆ ಹೀಗೆ ಪೆಚ್ಚಾಗಿ ನೋಡುತ್ತಿದ್ದಾರೆ?”

“ಹಳೆಯ ನಂಬಿಕೆ, ಬಿಡಿ. ಅಖಾಡದಲ್ಲಿ ಕೈ ನೆಲಕ್ಕೆ ತಾಗಿದವನು ಸೋತ ಹಾಗೆ. ಕೋಳಿ ಎರಡೇ ಕಾಲಿನ ಮೇಲೆ ನಿಲ್ಲುತ್ತದೆ. ಹಂದಿ ಹುಟ್ಟಿದಾಗಿನಿಂದ ನಾಲ್ಕನ್ನೂ ನೆಲಕ್ಕೆ ಊರಿಕೊಂಡಿದೆ. ಅದನ್ನು ತಿಂದು ಸ್ಪರ್ಧೆಗೆ ಹೋದವನು ಮಣ್ಣು ಮುಕ್ಕುತ್ತಾನೆ ಅನ್ನುತ್ತಾರೆ. ನೀವು ತಿನ್ನಿ.”

ತುಂಡು ಬಾಯಿಯ ಹತ್ತಿರವೇ ನಿಂತಿತು. ಕುರಾತ ಫೋಟೋದವರನ್ನು ನೋಡಿದ, ಹಂದಿಯನ್ನು ನೋಡಿದ. ಮೆಲ್ಲಗೆ ಅದನ್ನು ತಟ್ಟೆಗಿಳಿಸಿದ.

“ಗುರುಗಳೇ, ಕೋಳಿ ಏನಾದರೂ ಉಳಿದಿದೆಯೇ?”