ಗಣಿ ಊರಲ್ಲಿ ಮುನೆಕ್ಕನ ಮಗ

ಕೇಳ್ರಪ್ಪಾ, ಮುನೆಕ್ಕ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಬೋಡಪ್ಪ. ಮೂವತ್ತು ತುಂಬಿದ ಆಳು, ಎರಡು ಮೂಟೆ ರಾಗಿ ಒಟ್ಟಿಗೆ ಹೊರುತ್ತಿದ್ದ. ಅಮ್ಮ ಹೇಳಿದ ಮಾತು ಒಂದನ್ನೂ ಮರೆಯುತ್ತಿರಲಿಲ್ಲ. ಅದೇ ನೋಡಿ ತಾಪತ್ರಯ. ಊರವರು ಅವನನ್ನು ಪೆದ್ದ ಅನ್ನುತ್ತಿದ್ದರು. ನಾನೇನೂ ಅನ್ನುವುದಿಲ್ಲ, ಪೂರ್ತಿ ಕೇಳಿ ನೀವೇ ಏನಾದರೂ ಅಂದುಕೊಳ್ಳಿ.

ಮುನೆಕ್ಕನಿಗೆ ವಯಸ್ಸಾಯಿತು, ಎದೆನೋವು ಶುರುವಾಯಿತು. ತಾನು ಕಣ್ಣು ಮುಚ್ಚಿದರೆ ಇವನಿಗೆ ಮುದ್ದೆ ಹಾಕುವವರು ಯಾರು? ಅದೊಂದೇ ಚಿಂತೆ ಅವಳಿಗೆ. ದೂರದ ಊರಲ್ಲಿ ಅವಳ ತಮ್ಮನಿದ್ದ. "ಕರ್ಕೊಂಡು ಬಾರಕ್ಕ, ನಮ್ಮ ದನಗಳ ಜೊತೆ ಇರ್ತಾನೆ, ಕೊನೇವರೆಗೂ ನಾನು ನೋಡ್ಕೋತೀನಿ" ಅಂದಿದ್ದ. ಸರಿ, ಮನೆ ಖಾಲಿ ಮಾಡಿದರು. ಒಂಟೆತ್ತಿನ ಗಾಡಿಗೆ ಕಮಾನು ಕಟ್ಟಿ, ಚಾಪೆ, ಪಾತ್ರೆ, ಎರಡು ಕೋಳಿ ಎಲ್ಲ ಹೇರಿಕೊಂಡು ತಾಯಿ ಮಗ ಹೊರಟರು.

ಎರಡನೇ ದಿನ ಮಧ್ಯಾಹ್ನ ಮುನೆಕ್ಕನಿಗೆ ಕಣ್ಣೆಳೆಯಿತು.

"ಒಂದು ಗಳಿಗೆ ಒರಗ್ತೀನಿ ಕಣೋ. ಎತ್ತಿನ ಮೇಲಿಂದ ಕಣ್ಣು ತೆಗೀಬೇಡ."

ಅಮ್ಮ ಹೇಳಿದಳು, ಬೋಡಪ್ಪ ಕೇಳಿದ. ಎತ್ತನ್ನೇ ನೋಡಿದ. ಕವಲುದಾರಿ ಬಂತು, ಅವನು ಎತ್ತಿನ ಬಾಲ ನೋಡುತ್ತಿದ್ದ. ಕೈಮರ ಬಂತು, ಅವನು ಎತ್ತಿನ ಬೆನ್ನು ನೋಡುತ್ತಿದ್ದ. ಎತ್ತು ತನಗೆ ತೋಚಿದ ಕಡೆ ನಡೆಯಿತು.

ಮುನೆಕ್ಕ ಕಣ್ಣು ಬಿಟ್ಟರೆ ಸುತ್ತಲೂ ಬೂದಿಬಣ್ಣದ ಮಣ್ಣಿನ ದಿಬ್ಬಗಳು. ಒಂದು ಹುಲ್ಲುಕಡ್ಡಿ ಇಲ್ಲ, ಒಂದು ಕಾಗೆ ಇಲ್ಲ. ಸಾಲುಮನೆಗಳಿದ್ದವು, ಬಾಗಿಲುಗಳಿರಲಿಲ್ಲ.

"ಎಲ್ಲಿಗೆ ತಂದ್ಯೋ ನನ್ನ?"

"ಗೊತ್ತಿಲ್ಲಮ್ಮ. ನಾನು ಎತ್ತು ನೋಡ್ತಿದ್ದೆ."

ಮುನೆಕ್ಕನಿಗೆ ಗೊತ್ತಾಯಿತು. ಇದು ಹಳೇ ಚಿನ್ನದ ಗಣಿ. ಅವಳು ಐದು ವರ್ಷದವಳಿದ್ದಾಗ ಅವಳಪ್ಪ ನಂಜಪ್ಪ ಈ ಗಣಿಗೆ ಇಳಿದವನು ಮೇಲೆ ಬಂದಿರಲಿಲ್ಲ. ಗಣಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅಲ್ಲಿ ಒಂದು ನಿಮಿಷವೂ ನಿಲ್ಲಬಾರದು ಅನ್ನಿಸಿತು ಅವಳಿಗೆ. ಆದರೆ ಎತ್ತು ಬಾಯಲ್ಲಿ ನೊರೆ ಸುರಿಸುತ್ತ ನಿಂತುಬಿಟ್ಟಿತ್ತು.

"ಹೋಗು, ನೀರು ಎಲ್ಲಾದ್ರೂ ಇದ್ಯಾ ನೋಡು. ಕೊಡ ತುಂಬದೆ ವಾಪಸ್ ಬರಬೇಡ."

ಅಮ್ಮ ಹೇಳಿದಳು, ಬೋಡಪ್ಪ ಕೇಳಿದ. ನಲ್ಲಿಯಲ್ಲಿ ನೀರಿರಲಿಲ್ಲ, ತೊಟ್ಟಿಯಲ್ಲಿ ನೀರಿರಲಿಲ್ಲ. ಕೊಡವಂತೂ ತುಂಬಬೇಕಲ್ಲ. ದಿಬ್ಬದ ಬೂದಿಮಣ್ಣನ್ನೇ ಕಂಠಮಟ್ಟ ತುಂಬಿಕೊಂಡು ಬಂದ. ಮುನೆಕ್ಕ ಕೈ ಹಾಕಿದಳು. ಆಗತಾನೆ ಯಾರೋ ಎದ್ದುಹೋದ ಹಾಸಿಗೆಯ ಹಾಗೆ ಆ ಮಣ್ಣು ಬೆಚ್ಚಗಿತ್ತು. ಕೈ ಹಿಂದಕ್ಕೆ ಎಳೆದುಕೊಂಡಳು.

"ಮಣ್ಣು ಕುಡಿಯುತ್ತೇನೋ ಎತ್ತು? ಸಿಗದಿದ್ರೆ ಜನರನ್ನ ಕೇಳಬೇಕು. ಅವರು ಏನು ಕೊಟ್ರೂ ಬೇಡ ಅನ್ನದೆ ಇಸ್ಕೋಬೇಕು."

ಸ್ವಲ್ಪ ಹೊತ್ತಿಗೆ ಬೋಡಪ್ಪ ಕೊಡದ ತುಂಬ ನೀರು ತಂದ. ಮಂಜುಗಡ್ಡೆಯಷ್ಟು ತಣ್ಣಗಿನ ನೀರು. ಎತ್ತು ಮೂಸಿ ನೋಡಿ ಹಿಂದೆ ಸರಿಯಿತು.

"ಯಾರೋ ಕೊಟ್ಟಿದ್ದು?"

"ಗೋಡೆ ಪಕ್ಕ ಕೂತವ್ರಮ್ಮ, ಹತ್ತು ಹದಿನೈದು ಜನ. ಪಾಪ, ಬಿಸಿಲಲ್ಲೇ ಕೂತವ್ರೆ. ನಂಗೆ ನೆರಳು ಇದೆ, ಅವರಿಗೆ ನೆರಳೇ ಇಲ್ಲ."

ಮುನೆಕ್ಕನ ಕೈಯಿಂದ ಕೊಡ ಜಾರಿ ನೀರೆಲ್ಲ ನೆಲದ ಪಾಲಾಯಿತು.

"ಇನ್ನೇನಂದ್ರು?"

"ಪಾಳಿಗೆ ಒಬ್ಬರು ಕಮ್ಮಿ ಅಂತೆ. ನಿನ್ನ ಹೆಸರು ಬರೆಸ್ತೀಯಾ ಅಂದ್ರು. ಅಮ್ಮನ್ನ ಕೇಳಿ ಹೇಳ್ತೀನಿ ಅಂದೆ."

"ನನ್ನಪ್ಪಾ, ಬದುಕಿಸಿದೆ. ಈ ಊರು ದಾಟೋವರೆಗೂ ಯಾರು ಕೇಳಿದ್ರೂ ನಿನ್ನ ಹೆಸರು ಹೇಳಬೇಡ. ಗೊತ್ತಾಯ್ತಾ? ನಿನ್ನ ಹೆಸರು ಹೇಳಬೇಡ."

ಎತ್ತಿನ ಬೆನ್ನು ನೀವಿ, ಬೇಡಿಕೊಂಡು, ಹೇಗೋ ಹೆಜ್ಜೆ ಹಾಕಿಸಿ ಗಾಡಿ ಹೊರಡಿಸಿದಳು. ಬಂದ ದಾರಿ ದಿಬ್ಬಗಳ ನಡುವೆ ಕಾಣಲೇ ಇಲ್ಲ. ಊರು ದಾಟಬೇಕಾದರೆ ಗಣಿಗೆ ಇಳಿಯುವ ಬಾವಿಯ ಪಕ್ಕದಲ್ಲೇ ಹೋಗಬೇಕು, ಬೇರೆ ದಾರಿಯಿಲ್ಲ.

ಆ ಗಣಿಯಲ್ಲಿ ಒಂದು ರೂಢಿ ಇತ್ತು. ಪಾಳಿ ಮುಗಿಸಿದವನು ಬಾವಿಯ ತಳದಿಂದ ತನ್ನವರ ಹೆಸರು ಹಿಡಿದು ಕೂಗಬೇಕು. ಮೇಲೆ ಕಾದು ನಿಂತ ತಾಯಿಯೋ ಹೆಂಡತಿಯೋ ಮಗಳೋ "ಓ" ಅನ್ನಬೇಕು. ಓ ಅಂದಮೇಲೇ ಕಬ್ಬಿಣದ ಪಂಜರವನ್ನು ಮೇಲಕ್ಕೆ ಎಳೆಯುತ್ತಿದ್ದರು. ಗಣಿ ಕುಸಿದ ದಿನ ಮೇಲಿದ್ದವರು ಹೆದರಿ ಓಡಿಹೋಗಿದ್ದರು. ಕೆಳಗಿನವರು ಕೂಗಿದರು, ಓ ಅನ್ನುವವರು ಒಬ್ಬರೂ ಇರಲಿಲ್ಲ. ಅವತ್ತಿನಿಂದ ಕೂಗುತ್ತಲೇ ಇದ್ದಾರೆ.

ಗಾಡಿ ಬಾವಿಯ ಹತ್ತಿರ ಬಂತು. ಕೆಳಗಿಂದ ದನಿ ಬಂತು. "ಮುನ್ನೀ... ಮುನ್ನೀ..." ಅಪ್ಪ ಕರೆಯುತ್ತಿದ್ದ ಹೆಸರು, ಅಪ್ಪನದೇ ದನಿ. ಮುನೆಕ್ಕ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಓಗೊಡಲಿಲ್ಲ. ಬೋಡಪ್ಪ ಬಾಯಿ ತೆರೆದಿದ್ದ, ಅವನ ಬಾಯನ್ನೂ ಮುಚ್ಚಿದಳು.

"ಯಾರು ಕರೆದ್ರೂ ಓ ಅನ್ಬೇಡ. ನನ್ನ ದನಿಲಿ ಕರೆದ್ರೂ ಅನ್ಬೇಡ, ಅದು ನಾನಲ್ಲ. ನಾನು ಇಲ್ಲೇ ನಿನ್ನ ಪಕ್ಕದಲ್ಲೇ ಇರ್ತೀನಿ."

ಅಮ್ಮ ಹೇಳಿದಳು, ಬೋಡಪ್ಪ ಕೇಳಿದ.

ಬಾವಿ ದಾಟಿದರೆ ಗೇಟು. ಗೇಟಿನ ಕಿಟಕಿಯಲ್ಲಿ ಖಾಕಿ ಕೋಟಿನ ಗುಮಾಸ್ತ ಕೂತಿದ್ದ. ಮುಖವೆಲ್ಲ ಬೂದಿ. ಮುನೆಕ್ಕ ಕಮಾನಿನೊಳಗೆ ಇನ್ನೂ ಅಳುತ್ತಿದ್ದಳು. ಗಾಡಿ ಇಳಿದು ಮೂಗುದಾರ ಹಿಡಿದು ಮುಂದೆ ನಡೆಯುತ್ತಿದ್ದ ಬೋಡಪ್ಪನನ್ನು ಗುಮಾಸ್ತ ಕೇಳಿದ.

"ಹೆಸರು?"

ತನ್ನ ಹೆಸರು ಹೇಳಬಾರದು. ಆದರೆ ಹಿರಿಯರು ಕೇಳುತ್ತಿದ್ದಾರೆ, ಸುಮ್ಮನಿದ್ದರೆ ಚೆನ್ನಾಗಿರುತ್ತದೆಯೇ? ಬೋಡಪ್ಪ ಯೋಚಿಸಿದ. ಗೊತ್ತಿದ್ದ ಇನ್ನೊಂದು ಹೆಸರು ಹೇಳಿದ.

"ಮುನೆಕ್ಕ."

"ಯಾರ ಮಗಳು?"

"ನಂಜಪ್ಪನ ಮಗಳು."

"ಓಹೋ, ನಂಜಪ್ಪ ಕೆಳಗೇ ಇದ್ದಾನೆ" ಅಂತ ಗುಮಾಸ್ತ ಬರೆದುಕೊಂಡ. ಪಾಳಿಗೆ ಇಳಿಯುವವರಿಗೆ ಕೊಡುವ ಒಂದು ಹಿತ್ತಾಳೆ ಬಿಲ್ಲೆ ಚಾಚಿದ. ಬೋಡಪ್ಪ ಬೇಡ ಅನ್ನದೆ ಇಸಿದುಕೊಂಡ. ಗಾಡಿಯ ಹತ್ತಿರ ಬಂದು ಅಮ್ಮನ ಅಂಗೈಯಲ್ಲಿಟ್ಟ.

"ತಗೋಮ್ಮ, ನಿಂದೇ ಇದು."

ಮುನೆಕ್ಕ ನೋಡಿದಳು. ಬೆರಳುಗಳು ಬಿಲ್ಲೆಯ ಸುತ್ತ ತಾವಾಗಿಯೇ ಮಡಚಿಕೊಂಡವು. ಕಾಲುಗಳು ತಾವಾಗಿಯೇ ಗಾಡಿ ಇಳಿದು ಬಾವಿಯ ಪಂಜರದ ಕಡೆ ನಡೆದವು.

"ಎಂಥ ಕೆಲಸ ಮಾಡಿದ್ಯೋ ಬೋಡಾ" ಅಂದಳು. ಇಷ್ಟು ವರ್ಷದಲ್ಲಿ ಬೈದ ಮೇಲೆ ಬುದ್ಧಿ ಹೇಳದೆ ಇದ್ದದ್ದು ಅದೊಂದೇ ಸಲ. ಹೇಳಲು ಹೊತ್ತೇ ಸಿಗಲಿಲ್ಲ. ಪಂಜರದ ಬಾಗಿಲು ಮುಚ್ಚಿತು, ಸರಪಳಿ ಸದ್ದು ಮಾಡುತ್ತ ಅವಳನ್ನು ಕೆಳಗೆ ಒಯ್ಯಿತು.

ಬೋಡಪ್ಪ ಗಾಡಿ ಹತ್ತಿ ಕೂತ. ಸ್ವಲ್ಪ ಹೊತ್ತಾಯಿತು. ಬಾವಿಯೊಳಗಿಂದ ಕೂಗು ಬಂತು.

"ಬೋಡಪ್ಪಾ... ಓ ಅನ್ನೋ ಮಗನೇ."

ಬೋಡಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

"ನಾನು ಕಣೋ, ನಿಮ್ಮಮ್ಮ. ಒಂದು ಸಲ ಓ ಅನ್ನು, ಮೇಲೆ ಬಂದ್ಬಿಡ್ತೀನಿ."

ಅವನು ಇನ್ನೂ ಬಿಗಿಯಾಗಿ ಮುಚ್ಚಿಕೊಂಡ. ಕಣ್ಣಲ್ಲಿ ನೀರು ಬಂತು, ಕೈ ತೆಗೆಯಲಿಲ್ಲ. ದನಿ ಮತ್ತೆ ಬಂತು, ಮತ್ತೆ ಬಂತು, ಸಣ್ಣದಾಯಿತು, ನಿಂತಿತು.

ಆಮೇಲೆ ಬೋಡಪ್ಪ ಕೈ ಇಳಿಸಿದ. ಮುಖ ಒರೆಸಿಕೊಂಡು ಎತ್ತಿನ ಕಡೆ ನೋಡಿ ನಕ್ಕ.

"ನೋಡ್ದಾ, ಈ ಸಲ ಒಂದು ತಪ್ಪೂ ಮಾಡಲಿಲ್ಲ. ಅಮ್ಮ ಬರಲಿ, ಹೇಳೋಣ" ಅಂದ.