ಹನ್ನೊಂದು ಮನೆಗಳ ಕೀಲಿಕೈ

ಒಂದು ಅಪಾರ್ಟ್‌ಮೆಂಟಿನ ಸೆಕ್ರೆಟರಿ ಪದ್ಮನಾಭಯ್ಯನವರು ಎಐ ಏಜೆಂಟ್ ಎಂಬ ಯಂತ್ರವೊಂದನ್ನು ತರಿಸಿದರು. ಹೆಸರು ಹಾಕಿದರೆ ಸಾಕು, ಆ ಮನುಷ್ಯನ ಪೂರ್ವಾಪರವನ್ನೆಲ್ಲ ಜಾಲಾಡಿ, ನಂಬಬಹುದೋ ಬೇಡವೋ ಹೇಳುತ್ತಿತ್ತು. ಉಳ್ಳವರಿಗೆ ಅನುಮಾನ ಬಂದರೆ ಮೊದಲು ಜಾಲಾಡುವುದು ಕೆಲಸದವರನ್ನೇ. ಹನ್ನೆರಡು ವರ್ಷದಿಂದ ಅಲ್ಲಿ ಮನೆಗೆಲಸ ಮಾಡುತ್ತಿದ್ದ ಹೊನ್ನೂರಮ್ಮನನ್ನು ನಿವಾಸಿಗಳ ಸಭೆಗೆ ಕರೆಸಿದರು.

ಯಂತ್ರ ಹುಡುಕಿ ಹೇಳಿತು: “ಯಾವ ದಾಖಲೆಯೂ ಸಿಗಲಿಲ್ಲ. ನಂಬಲು ಆಧಾರವಿಲ್ಲ.”

“ನೋಡಿದೆಯೇನಮ್ಮ? ನಾಳೆಯಿಂದ ಗೇಟಿನೊಳಗೆ ಕಾಲಿಡಬೇಡ,” ಎಂದರು ಸೆಕ್ರೆಟರಿ.

“ಆಗಲಿ ಸಾರ್,” ಎಂದ ಹೊನ್ನೂರಮ್ಮ ಸೊಂಟದ ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದಳು. ಹನ್ನೊಂದು ಮನೆಗಳ ಕೀಲಿಕೈಗಳು! ಊರಿಗೆ ಹೋಗುವಾಗ ಎಲ್ಲರೂ ಅವಳ ಕೈಗೇ ಕೊಟ್ಟು ಹೋಗುತ್ತಿದ್ದರು.

“ಕೆಂಪು ದಾರದ್ದು ನಿಮ್ಮದೇ ಸಾರ್. ನಾಳೆ ತಿರುಪತಿಗೆ ಹೊರಟಿದ್ದೀರಲ್ಲ, ತೊಟ್ಟಿಯ ಮೀನಿಗೆ ಆಹಾರ ಹಾಕೋಕೆ ಯಂತ್ರಕ್ಕೇ ಹೇಳಿ ಹೋಗಿ.”

ಸಭೆ ಗೊಳ್ಳೆಂದಿತು. ಸೆಕ್ರೆಟರಿ ಕೀಲಿಕೈಯನ್ನು ಮೆಲ್ಲಗೆ ಅವಳತ್ತ ತಳ್ಳಿದರು. “ಇಟ್ಕೊಳಮ್ಮ. ನೀನು ನಂಬಿಕಸ್ಥೆ ಅಂತ ನಮಗೆ ಗೊತ್ತಿಲ್ವಾ?”

ಹೊನ್ನೂರಮ್ಮ ಮುಟ್ಟಲಿಲ್ಲ.

“ಅದನ್ನೇ ಒಂದು ಕಾಗದದಲ್ಲಿ ಬರೆದು ರುಜು ಹಾಕಿ ಸಾರ್. ಮುಂದಿನ ಸಲ ಹುಡುಕಿದಾಗ ಪಾಪ, ಯಂತ್ರಕ್ಕೂ ಏನಾದರೂ ಸಿಗಲಿ.”

ಈಗ ಸೆಕ್ರೆಟರಿ ಹುಡುಕತೊಡಗಿದರು, ಪೆನ್ನನ್ನು.