ಹೆಬ್ಬೆರಳು ಚೀಪಲು ಹೊರಟ ಸನ್ಯಾಸಿ

ಎರಡು ವರ್ಷದ ಮಗುವಿಗೆ ಸಲೀಸು, ನಲವತ್ತರ ಸನ್ಯಾಸಿಗೆ ಎಷ್ಟು ತಿಣುಕಿದರೂ ಆಗದು. ಏನದು?

ಕಾಲಿನ ಹೆಬ್ಬೆರಳು ಬಾಯಿಗಿಡೋದು ಅಂದಿರಾ? ಅಲ್ಲವೇ ಅಲ್ಲ. ಸುಮ್ಮನೆ ಕಥೆ ಕೇಳಿ.

ಹೊಳೆದಂಡೆಯ ಒಂದು ಆಶ್ರಮದಲ್ಲಿ ಈರಭದ್ರ ಅಂತ ಒಬ್ಬ ಶಿಷ್ಯ. ಹಸುಗೂಸು ಮಗಳನ್ನು ಊರಲ್ಲಿ ಬಿಟ್ಟು ಬಂದವನು. ಬಂದು ಮೂರು ವರ್ಷವಾದರೂ ಅವನಿಗೆ ಪದ್ಮಾಸನ ಒಲಿದಿರಲಿಲ್ಲ.

ಒಂದು ಬೆಳಗ್ಗೆ ನೋಡುತ್ತಾನೆ, ಅಡುಗೆಯ ನಂಜವ್ವನ ಎರಡು ವರ್ಷದ ಮಗಳು ಚಿಗರಿ ಜಗಲಿ ಮೇಲೆ ಅಂಗಾತ ಮಲಗಿ ಕಾಲಿನ ಹೆಬ್ಬೆರಳು ಚೀಪುತ್ತಿದ್ದಾಳೆ. ಒಳಗೆ ಮೂಳೆ ಇದೆಯೋ, ಬೆಣ್ಣೆ ಇದೆಯೋ!

ಈರಭದ್ರನ ಕಣ್ಣು ಅಲ್ಲೇ ನೆಟ್ಟಿತು.

“ಗುರುಗಳೇ, ನನಗೂ ಅಂಥ ಮೈ ಬೇಕು.”

“ಹಾಗಾದರೆ ಇವತ್ತಿಗೆ ಅವಳೇ ನಿನ್ನ ಗುರು. ಅವಳು ಮಾಡಿದ್ದನ್ನೇ ಮಾಡು.”

ಈರಭದ್ರ ಮಂಡಿಗೆ ಹರಳೆಣ್ಣೆ ತಿಕ್ಕಿಕೊಂಡು ಪಕ್ಕದಲ್ಲೇ ಮಲಗಿದ. ಕಾಲೆಳೆದ. ಇನ್ನಷ್ಟು ಎಳೆದ. ಮಂಡಿ ಲಟಕ್ ಅಂದಿತು. ಪಾದ ತೊಡೆಯ ಮೇಲೇ ಸಿಕ್ಕಿಕೊಂಡಿತು.

“ಅಯ್ಯಯ್ಯೋ, ನಂಜವ್ವಾ!”

ನಂಜವ್ವ ಸೌಟು ಹಿಡಿದೇ ಓಡಿ ಬಂದು ಬಿಡಿಸಿದಳು. “ಮುದ್ದೆಕೋಲಿನಂಥ ಕಾಲು ಇಟ್ಕೊಂಡು ಇದೆಲ್ಲಾ ಯಾಕ್ ಬೇಕಿತ್ತು ಸ್ವಾಮ್ಯೋರೇ?”

ಚಿಗರಿ ಕೇಕೆ ಹಾಕಿ ನಕ್ಕಳು. ನಕ್ಕವಳು ಎದ್ದು, ಹೂವಿನ ಪಾತಿಗೆ ನೀರು ಹರಿಯೋ ಕಾಲುವೆಯ ಹತ್ತಿರ ಹೋದಳು. ಗೇಣಗಲದ ಕಾಲುವೆ. ಹಾರಲು ಹೋದಳು, ವಾಲಿದಳು, ದೊಪ್ಪನೆ ಕುಂಡಿ ಮೇಲೆ ಬಿದ್ದಳು. ಎದ್ದಳು. ಮತ್ತೆ ಬಿದ್ದಳು.

“ಇಷ್ಟು ಬಾಗೋ ಕಾಲಿಗೆ ಹಾರೋಕೆ ಬರಲ್ವಾ ಗುರುಗಳೇ?”

“ಬಾಗೋದು ಹುಟ್ಟುತ್ತಲೇ ಬಂದದ್ದು ಕಣಯ್ಯಾ. ಹಾರೋದು ಕಲೀಬೇಕಾದ್ದು.”

“ಯಾರು ಕಲಿಸ್ತಾರೆ?”

ಗುರುಗಳು ಕಾಲುವೆಯ ಆಚೆ ಹೋಗಿ ಕುಕ್ಕರುಗಾಲಲ್ಲಿ ಕೂತು ತೋರುಬೆರಳು ಚಾಚಿದರು.

ಚಿಗರಿ ಬೆರಳು ಹಿಡಿದಳು. ಮಂಡಿ ಬಗ್ಗಿಸಿದಳು. ಹಾರಿದಳು. ಹಾರಿದ ಮೇಲೆ ಬೆರಳು ಬಿಟ್ಟು, ತಿರುಗಿಯೂ ನೋಡದೆ ಹೊರಟೇಹೋದಳು.

ಈರಭದ್ರ ಆ ಖಾಲಿ ಬೆರಳನ್ನೇ ನೋಡಿದ.

“ನನ್ನ ಮಗಳಿಗೆ ಈಗ ನಾಲ್ಕು ನಡೀತಿರಬೇಕು,” ಅಂದ. “ನಾನು ಹೊರಟ ದಿನ ಹೀಗೇ ಹೆಬ್ಬೆರಳು ಚೀಪ್ತಾ ಮಲಗಿದ್ದಳು.”

“ಮೂರು ವರ್ಷದಿಂದ ನೀನು ಹಂಬಲಿಸಿದ್ದು ಪದ್ಮಾಸನಕ್ಕೇನಾ?”

“ಹಿಡಿದ ಬೆರಳು ಬಿಟ್ಟು, ತಿರುಗಿ ನೋಡದೆ ಹೋಗೋದು ಚಿಗರಿಗೆಷ್ಟು ಸಲೀಸು! ನನಗಾಗಲಿಲ್ಲ,” ಅಂದ ಈರಭದ್ರ.

ನಾನು ಕೇಳಿದ ಕಥೆಯಲ್ಲಿ ಅವನು ಹಾಗೇ ಕಣ್ಣು ಮುಚ್ಚಿ, ಮತ್ತೆ ಧ್ಯಾನಕ್ಕೆ ಕೂತುಬಿಟ್ಟ. ನನಗದನ್ನು ಸಹಿಸಲಾಗಲಿಲ್ಲ. ಅವನನ್ನು ಎಬ್ಬಿಸಿ, ಹೆಗಲಿಗೆ ಗಂಟು ಕೊಟ್ಟು, ಊರ ದಾರಿಗೆ ಹಚ್ಚಿದ್ದು ನಾನೇ. ಕುಂಟುತ್ತಾ ಹೊರಟವನಿಗೆ ಗುರುಗಳಿಂದ ಈ ಮಾತು ಆಡಿಸಿದ್ದೂ ನಾನೇ:

“ಬೆರಳು ಹಿಡಿಯೋ ವಯಸ್ಸು ಅವಳಿಗೆ ದಾಟಿರಬಹುದು. ಇನ್ನು ನೀನೇ ಅವಳ ಹಿಂದೆ ಓಡಬೇಕು ಕಣಯ್ಯಾ.”